ಹಾಸಿಗೆ ಹಿಡಿದವರಿಗೆ ಚೀಟಿ ಇದೆ, ನೋಡಿಕೊಳ್ಳುವವರಿಗೆ? ಪಿಎಚ್‌ಸಿಯಲ್ಲಿ ಏನು ಕೇಳಬಹುದು ಹೇಳಿ

ಅಪ್ಪೆಮಿಡಿ, ಶಿರಸಿ

ಅತ್ತೆಗೆ ಲಕ್ವ ಹೊಡೆದ ಮೇಲೆ ಬಲಗಡೆ ಕೈಕಾಲು ಎರಡೂ ಹೋಗಿವೆ. ಮಾತು ಅರ್ಧಂಬರ್ಧ. ಮನೆಯಲ್ಲಿ ನಾನು, ಗಂಡ, ಶಾಲೆಗೆ ಹೋಗುವ ಮಗಳು. ಗಂಡ ತೋಟ ನೋಡಬೇಕು. ಕೊನೆಕೊಯ್ಲಿನ ಹೊತ್ತಿಗಂತೂ ಅವರ ಮುಖ ಕಾಣುವುದೇ ರಾತ್ರಿ. ಹಾಗಾಗಿ ಎತ್ತುವುದು, ಮಗ್ಗುಲು ಬದಲಿಸುವುದು, ಉಣ್ಣಿಸುವುದು, ಚೊಕ್ಕ ಮಾಡುವುದು ಎಲ್ಲಾ ನನ್ನ ಪಾಲಿಗೆ.

ಗುಳಿಗೆ ತರಲು ಪಿಎಚ್‌ಸಿಗೆ ಹೋಗುವವಳೂ ನಾನೇ. ಡಾಕ್ಟರು ಒಳ್ಳೆಯವರು. ಅತ್ತೆಯ ಬಿಪಿ ಕೇಳುತ್ತಾರೆ, ಊಟ ಕೇಳುತ್ತಾರೆ, ಮೋಷನ್ ಕೇಳುತ್ತಾರೆ. ಎದುರಿಗೆ ಕೂತು ಉತ್ತರ ಹೇಳುವವಳು ರಾತ್ರಿ ಮಲಗಿದ್ದಾಳಾ ಇಲ್ಲವಾ ಅಂತ ಯಾರೂ ಕೇಳಿಲ್ಲ. ಒಂದು ದಿನ ಜನ ಕಡಿಮೆ ಇದ್ದರು. ಸಿಸ್ಟರ್ ಸುಮ್ನೆ ನನ್ನ ತೋಳಿಗೂ ಪಟ್ಟಿ ಕಟ್ಟಿದರು. 160/100. ಮುಂದಿನ ವಾರ ನೋಡಿದಾಗಲೂ ಹಾಗೇ. ಈಗ ನನಗೂ ಗುಳಿಗೆ ಶುರುವಾಗಿದೆ. ಅವತ್ತು ಜನ ಜಾಸ್ತಿ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ನಮ್ಮಂಥವರಿಗೆ ಪಿಎಚ್‌ಸಿ, ಸಬ್‌ಸೆಂಟರ್, ಮೊಬೈಲು ಇವುಗಳಿಂದ ಏನು ಸಿಗುತ್ತದೆ? ಏನು ಸಿಗಬೇಕು? ನಿಮ್ಮ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಹೇಳಿ. "ನೀವು ದೇವತೆ, ಪುಣ್ಯ ಬರುತ್ತದೆ" ಅನ್ನುವ ಉತ್ತರ ಮಾತ್ರ ಬೇಡ. ಪುಣ್ಯ ಬೇಕಾದಷ್ಟಿದೆ, ಸೊಂಟಕ್ಕೆ ಆಗುತ್ತಿಲ್ಲ.

ಘಟ್ಟದ ಕೆಳಗಿನವ, ಕುಮಟಾ

ಪಿಎಚ್‌ಸಿ ಬಿಡಿ, ನಮ್ಮ ಜಿಲ್ಲೆಗೆ ಮೊದಲು ಬೇಕಾದ್ದು ದೊಡ್ಡ ಆಸ್ಪತ್ರೆ. 2019ರಲ್ಲಿ ಟ್ವಿಟರ್‌ನಲ್ಲಿ ಕೂಗಿದೆವು, 2022ರಲ್ಲಿ ಮತ್ತೆ ಕೂಗಿದೆವು. ಕಾರವಾರದಲ್ಲಿ 2016ರಿಂದ ಮೆಡಿಕಲ್ ಕಾಲೇಜಿದೆ. ಆದರೂ ತಲೆಗೆ, ಹೃದಯಕ್ಕೆ ಏನಾದರೂ ಆದರೆ ನಾವು ಈಗಲೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡುತ್ತೇವೆ. ಅಪ್ಪನನ್ನು ಕರೆದುಕೊಂಡು ಹೋದ ರಾತ್ರಿ ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಲಕುತ್ತದೆ.

ಅಪ್ಪೆಮಿಡಿ, ಶಿರಸಿ

ದೊಡ್ಡ ಆಸ್ಪತ್ರೆ ಬೇಡ ಅಂತ ಯಾರು ಹೇಳಿದರು? ಅತ್ತೆಯನ್ನೂ ಘಟ್ಟ ಇಳಿಸಿಯೇ ಕರೆದುಕೊಂಡು ಹೋಗಿದ್ದು. ಅಲ್ಲಿ ಜೀವ ಉಳಿಸಿದರು, ಕೈಮುಗಿಯುತ್ತೇನೆ. ಡಿಸ್ಚಾರ್ಜ್ ದಿನ ಒಂದು ಹಾಳೆ ಕೊಟ್ಟು "ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಫಿಸಿಯೋಥೆರಪಿ ಮಾಡಿಸಿ" ಅಂದರು. ಹೇಗೆ ಬದಲಿಸುವುದು ಅಂತ ತೋರಿಸಲಿಲ್ಲ. ಅಲ್ಲಿಂದ ಮುಂದಿನದ್ದೆಲ್ಲ ಮನೆಯಲ್ಲೇ ಆಗುವುದು, ಅಲ್ವಾ? ನಾನು ಕೇಳುತ್ತಿರುವುದು ಆ ಭಾಗ.

ಸಬ್‌ಸೆಂಟರ್ ಸಿಸ್ಟರ್, ಅಂಕೋಲಾ

ನಾನು ಸಮುದಾಯ ಆರೋಗ್ಯ ಅಧಿಕಾರಿ. ಊರವರು ಸಿಸ್ಟರ್ ಅನ್ನುತ್ತಾರೆ, ನಡೆಯುತ್ತದೆ. ಈಗ ಸಬ್‌ಸೆಂಟರಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡಿದೆ. ಅಲ್ಲಿ ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆ, ಹಾಸಿಗೆ ಹಿಡಿದವರ ನೋವು-ಸಂಕಟ ಇಳಿಸುವ ಉಪಶಮನ ಆರೈಕೆ, ಮಾನಸಿಕ ಆರೋಗ್ಯ ಮೂರೂ ಇವೆ. ಅಂದರೆ ನೀವು ಇದನ್ನು ಉಪಕಾರ ಅಂತ ಕೇಳುವುದು ಬೇಡ. ನಮ್ಮ ಪಟ್ಟಿಯಲ್ಲೇ ಇರುವುದನ್ನು ಕೇಳುತ್ತಿದ್ದೀರಿ.

ಈಗಲೇ ಮಾಡಬಹುದಾದ್ದು ಹೇಳುತ್ತೇನೆ. 30 ವರ್ಷ ದಾಟಿದ ಎಲ್ಲರಿಗೂ ಬಿಪಿ, ಶುಗರ್, ಬಾಯಿ ಕ್ಯಾನ್ಸರ್ ತಪಾಸಣೆ ಇದೆ. ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿನದ್ದೂ ಇದೆ. ಇದಕ್ಕೆ ಎನ್‌ಸಿಡಿ, ಅಂದರೆ ಅಂಟದ ಕಾಯಿಲೆಗಳ ಸ್ಕ್ರೀನಿಂಗ್ ಅನ್ನುತ್ತಾರೆ. ಕ್ಯಾಂಪ್ ಮಾಡಿದಾಗ ಬರದೇ ಇರುವವರು ಯಾರು ಗೊತ್ತಾ? ಮನೆಯಲ್ಲಿ ರೋಗಿ ಬಿಟ್ಟು ಬರಲಾಗದವರು. ಅವರು ಮನೆಯವರ ಗುಳಿಗೆಗೆ ತಪ್ಪದೆ ಬರುತ್ತಾರೆ. ಆಗಲೇ ಅವರದ್ದೂ ನೋಡಿ ಮುಗಿಸಿದರೆ ಆಯ್ತು. ಮುಂದಿನ ಸಲ ಹೋದಾಗ "ನನ್ನ ಎನ್‌ಸಿಡಿ ಸ್ಕ್ರೀನಿಂಗ್ ಆಗಿಲ್ಲ" ಅಂತ ಬಾಯಿಬಿಟ್ಟು ಹೇಳಿ. ಈ ಮಾತು ಕೆಲಸ ಮಾಡುತ್ತದೆ, ಯಾಕೆಂದರೆ ನಮಗೂ ಆ ಲೆಕ್ಕ ಕೊಡಲಿಕ್ಕಿದೆ.

ಇನ್ನೊಂದು, ಇ-ಸಂಜೀವಿನಿ. ನಮ್ಮ ಸೆಂಟರಿನಿಂದಲೇ ದೂರದ ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತಾಡಬಹುದು. ರೋಗಿಯನ್ನು ಜೀಪಿನಲ್ಲಿ ಹಾಕಿಕೊಂಡು ಬರಬೇಕಾಗಿಲ್ಲ. ನಾನು ಮನೆಗೆ ಹೋದಾಗ ಬೆನ್ನಿನ ಹುಣ್ಣು ನೋಡಿ ಬರೆದುಕೊಂಡು ಬಂದು ಡಾಕ್ಟರಿಗೆ ಹೇಳಿದ್ದಿದೆ. ಆದರೆ ಮೂತ್ರದ ನಳಿಗೆ ಬದಲಿಸುವುದು, ಹುಣ್ಣು ಕೊಯ್ದು ಚೊಕ್ಕ ಮಾಡುವುದು ವಿಡಿಯೋದಲ್ಲಿ ಆಗುವುದಿಲ್ಲ. ಅದಕ್ಕೆ ಮನುಷ್ಯರೇ ಬರಬೇಕು.

ಆರೈಕೆ ಮಾಡುವವರ ಭಾರ ಅಳೆಯಲು ಝರಿಟ್ ಅಂತ ಪ್ರಶ್ನಾವಳಿ ಇದೆ. 22 ಪ್ರಶ್ನೆ, ಒಂದೊಂದಕ್ಕೆ 0ಯಿಂದ 4 ಅಂಕ. ಓಪಿಡಿಯಲ್ಲಿ 22 ಪ್ರಶ್ನೆ ಕೇಳುತ್ತಾ ಕೂತರೆ ಹಿಂದಿನವರು ಬೈಯುತ್ತಾರೆ. ನಾನು ಕೇಳುವುದು ಮೂರೇ. ರಾತ್ರಿ ಎಷ್ಟು ಸಲ ಏಳುತ್ತೀರಿ? ನೀವು ಹುಷಾರು ತಪ್ಪಿದರೆ ಒಂದು ದಿನಕ್ಕೆ ಯಾರು ಬರುತ್ತಾರೆ? ಸಿಟ್ಟು ಬಂದು ಕೈ ಎತ್ತಿಬಿಡುತ್ತೇನೇನೋ ಅಂತ ಹೆದರಿಕೆ ಆಗಿದೆಯಾ? ಮೂರನೆಯದಕ್ಕೆ ತುಂಬಾ ಜನ ಅಳುತ್ತಾರೆ.

ಆಶಾ ಅಕ್ಕ, ಹೊನ್ನಾವರ

ಸಿಸ್ಟರ್ ಹೇಳಿದ್ದು ಸರಿ. ಆದರೆ ಒಂದು ಮಾತು. ಯಾವುದೇ ಹೊಸ ಯೋಜನೆ ಬಂದರೂ ಕೊನೆಗೆ "ಆಶಾ ಮನೆ ಮನೆಗೆ ಹೋಗಿ ಕೇಳುತ್ತಾಳೆ" ಅಂತ ಮುಗಿಯುತ್ತದೆ. ಸಾವಿರ ಜನಕ್ಕೆ ಒಬ್ಬಳು ಆಶಾ ಅನ್ನುವ ಲೆಕ್ಕ. ನಮ್ಮ ಕಡೆ ಸಾವಿರ ಜನ ಅಂದರೆ ಎಷ್ಟು ದಿಣ್ಣೆ, ಎಷ್ಟು ಸಂಕ ದಾಟಬೇಕು ಅಂತ ಕೇಳಿ ನೋಡಿ. ಬಸುರಿ, ಬಾಣಂತಿ, ಲಸಿಕೆ, ಟಿಬಿ, ಡೆಂಗಿ, ಸರ್ವೆ, ಆಮೇಲೆ ಮೊಬೈಲಿನಲ್ಲಿ ತುಂಬುವುದು. ನಮ್ಮದು ಸಂಬಳ ಅಲ್ಲ, ಗೌರವಧನ ಮತ್ತು ಕೆಲಸಕ್ಕೆ ಇಷ್ಟು ಅಂತ ಪ್ರೋತ್ಸಾಹಧನ. ಹಾಸಿಗೆ ಹಿಡಿದವರ ಮನೆಯಲ್ಲಿ ಅರ್ಧ ಗಂಟೆ ಕೂತು ಮಾತಾಡಿದರೆ ಅದಕ್ಕೆ ಕಾಲಂ ಕೂಡ ಇಲ್ಲ. ಕಾಲಂ ಇಲ್ಲದ ಕೆಲಸ ಮಾಡಿದರೂ ಮಾಡದ ಹಾಗೆಯೇ.

ನಾನು ಕಂಡದ್ದು ಹೇಳುತ್ತೇನೆ. ಒಳಕೋಣೆಯಲ್ಲಿ, ಅತ್ತೆಯ ಮುಂದೆ, ಗಂಡನ ಮುಂದೆ "ನೀವು ಹೇಗಿದ್ದೀರಿ" ಅಂತ ಸೊಸೆಯನ್ನು ಕೇಳಿದರೆ ಯಾವಾಗಲೂ "ಆರಾಂ" ಅನ್ನುವ ಉತ್ತರವೇ. ಹೊರಟಾಗ ದಣಪೆ ತನಕ ಬಿಡಲು ಬರುತ್ತಾರಲ್ಲ, ಅಲ್ಲಿ ನಿಂತು ನಿಜ ಹೇಳುತ್ತಾರೆ. ಹಾಗಾಗಿ ಫಾರ್ಮು ಮಾಡುವವರಿಗೆ ನನ್ನ ಸಲಹೆ, ನೋಡಿಕೊಳ್ಳುವವರನ್ನು ಬೇರೆಯಾಗಿ ಕೇಳಿ. ರೋಗಿಯ ಕಿವಿಗೆ ಬೀಳುವ ಹಾಗೆ "ನಿಮಗೆ ಇವರು ಭಾರವಾ" ಅಂತ ಕೇಳುವುದು ಇಬ್ಬರಿಗೂ ಅವಮಾನ.

ಬೆಂಗಳೂರಿನ ಮಗ (ಊರು ಯಲ್ಲಾಪುರ)

ಇದಕ್ಕೆ ಒಂದು ಆ್ಯಪ್ ಮಾಡಬಹುದಲ್ಲ? ಔಷಧಿ ಅಲಾರಾಂ, ಬಿಪಿ ಗ್ರಾಫ್, ಕ್ಯಾಮೆರಾ, ಹತ್ತಿರದ ಹೋಂ ನರ್ಸ್ ಬುಕಿಂಗ್, ಆರೈಕೆ ಮಾಡುವವರಿಗೆ ಧ್ಯಾನದ ಆಡಿಯೋ. ನಾನೇ ಕೋಡ್ ಬರೆಯಲು ತಯಾರಿದ್ದೇನೆ.

ಗಣೇಶಗುಡಿ ನೆಟ್‌ವರ್ಕ್, ಜೋಯಿಡಾ

ಸಾರ್, ನಿಮ್ಮ ಆ್ಯಪ್ ತೆರೆಯಲು ನಾನು ಮನೆ ಹಿಂದಿನ ಗುಡ್ಡ ಹತ್ತಬೇಕು. ಅಮ್ಮನನ್ನು ಕೆಳಗೆ ಒಬ್ಬರನ್ನೇ ಬಿಟ್ಟು ಮೇಲೆ ಹೋಗಿ ಧ್ಯಾನದ ಆಡಿಯೋ ಕೇಳಬೇಕಾ?

ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಏನೇ ಮಾಡಿದರೂ ನೆಟ್ ಇಲ್ಲದೆ ತೆರೆಯುವ ಹಾಗೆ ಮಾಡಿ. ಒಂದು ಸಲ ಡೌನ್‌ಲೋಡ್ ಮಾಡಿದರೆ ಫೋನಿನಲ್ಲೇ ಇರಬೇಕು. ಅದಕ್ಕಿಂತ ಒಳ್ಳೆಯದು, ಗೋಡೆಗೆ ಅಂಟಿಸುವ ದೊಡ್ಡ ಅಕ್ಷರದ ಹಾಳೆ. ಜ್ವರ ಎಷ್ಟಾದರೆ ಫೋನ್ ಮಾಡಬೇಕು, ಊಟ ಗಂಟಲಲ್ಲಿ ಸಿಕ್ಕಿದರೆ ಏನು ಮಾಡಬೇಕು, ಯಾರ ನಂಬರಿಗೆ ಮಾಡಬೇಕು. ನೆಂಟರು ಒಂದು ದಿನ ಬಂದು ನೋಡಿಕೊಂಡರೂ ಅವರಿಗೂ ಉಪಯೋಗ.

ಕಾಳಿತೀರ, ಕಾರವಾರ

ಆ್ಯಪ್ ಬೇಕಾ ಮನುಷ್ಯರು ಬೇಕಾ ಅನ್ನುವುದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಅಪ್ಪನಿಗೆ ಮರೆವಿನ ಕಾಯಿಲೆ ಬಂದ ಮೇಲೆ ನಾನು ಓದಿದ್ದು ಇದನ್ನೇ.

ನಮ್ಮ ಪಕ್ಕದ ಗೋವಾದಲ್ಲೇ ಒಂದು ಒಳ್ಳೆಯ ಅಧ್ಯಯನ ಆಗಿದೆ. ಡಾ. ಅಮಿತ್ ಡಯಾಸ್, ಡಾ. ವಿಕ್ರಮ್ ಪಟೇಲ್ ಮತ್ತು ಅವರ ತಂಡ ಮಾಡಿದ್ದು, 2008ರಲ್ಲಿ ಪ್ರಕಟವಾಯಿತು. ಮರೆವಿನ ಕಾಯಿಲೆಯವರು ಇರುವ 81 ಮನೆಗಳನ್ನು ತೆಗೆದುಕೊಂಡರು. ಸುಮಾರು ಅರ್ಧ ಮನೆಗಳಿಗೆ ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಹೋಗುತ್ತಿದ್ದರು. ಅವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಹದಿನೈದು ದಿನಕ್ಕೊಮ್ಮೆಯಾದರೂ ಹೋಗಿ ಕೂತು ಕಾಯಿಲೆ ಎಂದರೇನು ಅಂತ ತಿಳಿಸುವುದು, ರೋಗಿ ಹಠ ಮಾಡಿದಾಗ ಏನು ಮಾಡಬಹುದು ಅಂತ ಹೇಳಿಕೊಡುವುದು, ಸರ್ಕಾರಿ ಸೌಲಭ್ಯದ ದಾರಿ ತೋರಿಸುವುದು, ಬೇಕಾದವರಿಗೆ ಮನೋವೈದ್ಯರನ್ನು ಕಾಣಿಸುವುದು. ಆರು ತಿಂಗಳ ನಂತರ ನೋಡಿದರೆ ಆ ಮನೆಗಳಲ್ಲಿ ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಉಳಿದವರಿಗಿಂತ ಚೆನ್ನಾಗಿತ್ತು. ಸಿಸ್ಟರ್ ಹೇಳಿದ ಝರಿಟ್ ಅಂಕ ಇಳಿದರೂ ಲೆಕ್ಕಕ್ಕೆ ಹಿಡಿಯುವಷ್ಟು ಇಳಿಯಲಿಲ್ಲ. ಅದು ಸಹಜವೇ. ಕೆಲಸ ಅಷ್ಟೇ ಇರುತ್ತದೆ, ಹೊರುವವರಿಗೆ ಸ್ವಲ್ಪ ಜೀವ ಬಂದಿರುತ್ತದೆ.

ಈಗ ಆನ್‌ಲೈನ್ ಕಡೆ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಐಸಪೋರ್ಟ್ ಅಂತ ಮಾಡಿದೆ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ 5 ಭಾಗ, 23 ಪಾಠ. ಪಾಠಗಳು ನಿಜಕ್ಕೂ ಚೆನ್ನಾಗಿವೆ. ಭಾರತದಲ್ಲಿ 151 ಜನರ ಮೇಲೆ ಪರೀಕ್ಷೆ ಮಾಡಿದಾಗ ಕೊನೆ ತನಕ ಉಳಿದವರು ಅರ್ಧಕ್ಕೂ ಕಡಿಮೆ. ರೋಗಿಯನ್ನು ನೋಡುವ ದೃಷ್ಟಿ ಸುಧಾರಿಸಿತು. ಖಿನ್ನತೆ, ಭಾರ ಎರಡರಲ್ಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಪಾಠದ ತಪ್ಪಲ್ಲ ಅದು. ರಾತ್ರಿ ಹನ್ನೊಂದಕ್ಕೆ ಎಲ್ಲಾ ಮುಗಿಸಿ ಬಿದ್ದುಕೊಂಡವರು ಎಂಟನೇ ಪಾಠ ತೆರೆಯುತ್ತಾರಾ?

ಹಾಗಂತ ಮನೆಯವರ ತಲೆ ಮೇಲೆ ಕೆಲಸ ಹೊರಿಸಿ ತರಬೇತಿ ಅಂತ ಕರೆದರೂ ಆಗುವುದಿಲ್ಲ. ಲಕ್ವ ಹೊಡೆದವರಿಗೆ ಮನೆಯವರೇ ವ್ಯಾಯಾಮ ಮಾಡಿಸಿದರೆ ಹೇಗೆ ಅಂತ ಭಾರತದ 14 ಆಸ್ಪತ್ರೆಗಳಲ್ಲಿ, 1250 ರೋಗಿಗಳ ಮೇಲೆ ದೊಡ್ಡ ಅಧ್ಯಯನ ಆಯಿತು. 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಆರು ತಿಂಗಳಿಗೆ ಸಾವಿನಲ್ಲಾಗಲಿ, ಪರಾವಲಂಬನೆಯಲ್ಲಾಗಲಿ ಏನೂ ವ್ಯತ್ಯಾಸ ಇಲ್ಲ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಸೊಸೆ ಇನ್ನೂ ಸ್ವಲ್ಪ ಮಾಡಿದ್ದರೆ ಅತ್ತೆ ಎದ್ದು ಓಡಾಡುತ್ತಿದ್ದರು ಅನ್ನುವವರು ಪ್ರತಿ ಊರಿನಲ್ಲಿ ಇದ್ದಾರೆ.

ನಮ್ಮ ಮನೆಯ ಕಥೆ: ಅಪ್ಪ ಬೈತಖೋಲ ಬಂದರಿನಲ್ಲಿ ದುಡಿದವರು. ಸಂಜೆಯಾದರೆ "ಬೋಟು ಬಂತಾ, ಹೋಗಬೇಕು" ಅಂತ ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಾರೆ. ಮೊದಲು "ನೀವು ರಿಟೈರ್ ಆಗಿ ಎಷ್ಟು ವರ್ಷವಾಯ್ತು" ಅಂತ ವಾದ ಮಾಡುತ್ತಿದ್ದೆವು, ಅವರು ಕೈ ಬೀಸುತ್ತಿದ್ದರು. ಈಗ ತಮ್ಮ ಅವರ ಜೊತೆ ಚಪ್ಪಲಿ ಹಾಕಿಕೊಂಡು ತಿರುವಿನ ತನಕ ಹೋಗುತ್ತಾನೆ. "ಇವತ್ತು ಗಾಳಿ ಜಾಸ್ತಿ, ಬೋಟು ಬಿಡುವುದಿಲ್ಲವಂತೆ" ಅಂದರೆ ಸಮಾಧಾನದಿಂದ ವಾಪಸು ಬರುತ್ತಾರೆ. ಇದನ್ನು ಹೇಳಿಕೊಟ್ಟದ್ದು ಆಸ್ಪತ್ರೆಯವರಲ್ಲ, ಇದೇ ಕಾಯಿಲೆಯ ತಾಯಿಯನ್ನು ನೋಡಿಕೊಂಡ ಒಬ್ಬ ಮಾಸ್ತರರು. ವಾಟ್ಸ್ಯಾಪಿನಲ್ಲಿ ಸಿಕ್ಕವರು. ಹಾಗಾಗಿ ಮೊಬೈಲು ಬೇಡ ಅಂತ ನಾನು ಹೇಳುವುದಿಲ್ಲ. ಆ ಕಡೆ ಗೊತ್ತಿರುವ ಮನುಷ್ಯ ಇರಬೇಕು, ಅಷ್ಟೇ.

ಬೆಂಗಳೂರಿನ ಮಗ (ಊರು ಯಲ್ಲಾಪುರ)

ಒಪ್ಪಿದೆ. ಆ್ಯಪ್ ಬಿಟ್ಟೆ. ದೂರ ಇರುವ ನಮ್ಮಂಥವರು ಏನು ಮಾಡಬಹುದು ಅಂತಾದರೂ ಹೇಳಿ. ದಿನಾ ಫೋನ್ ಮಾಡುತ್ತೇನೆ, ದುಡ್ಡು ಕಳಿಸುತ್ತೇನೆ. ಆದರೂ ತಂಗಿಗೆ ನನ್ನ ಮೇಲೆ ಸಿಟ್ಟು.

ಹೊನ್ನಾವರದ ನರ್ಸ್ (ಈಗ ಇಂಗ್ಲೆಂಡ್)

ತಂಗಿಗೆ ಫೋನ್ ಮಾಡಿ "ಅಮ್ಮ ಹೇಗಿದ್ದಾಳೆ" ಅಂತ ಕೇಳಿದರೆ ಅವಳಿಗೆ ಇನ್ನೊಂದು ವರದಿ ಕೊಡುವ ಕೆಲಸ. ಅದರ ಬದಲು ಕಾಗದದ ಕೆಲಸ ಪೂರ್ತಿ ನೀವು ತೆಗೆದುಕೊಳ್ಳಿ. ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ಆನ್‌ಲೈನ್. ಅದನ್ನು ಬೆಂಗಳೂರಿನಲ್ಲಿ ಕೂತೇ ತುಂಬಬಹುದು. ವೈದ್ಯಕೀಯ ತಪಾಸಣೆಗೆ ಮಾತ್ರ ಹೋಗಬೇಕು. ವಿಮೆ, ಡಿಸ್ಚಾರ್ಜ್ ಸಾರಾಂಶ ಸ್ಕ್ಯಾನ್ ಮಾಡಿ ಇಡುವುದು, ಔಷಧಿಯ ಪಟ್ಟಿ ಬದಲಾದಾಗ ಹೊಸದಾಗಿ ಟೈಪ್ ಮಾಡಿ ಎಲ್ಲರಿಗೂ ಕಳಿಸುವುದು ನಿಮ್ಮ ಜವಾಬ್ದಾರಿ. ಆಮೇಲೆ ವರ್ಷಕ್ಕೊಮ್ಮೆ ಹಬ್ಬಕ್ಕೆ ಬಂದು ಕೂರುವ ಬದಲು ರಜೆ ಹಾಕಿ ಬಂದು ತಂಗಿಯನ್ನು ಹೊರಗೆ ಕಳಿಸಿ.

ಇಲ್ಲಿಯ ವ್ಯವಸ್ಥೆಯನ್ನೂ ಹೇಳಿಬಿಡುತ್ತೇನೆ, ಯಾರಾದರೂ ಕೇಳುತ್ತೀರಿ. ಇಲ್ಲಿನ ಜಿಪಿ, ಅಂದರೆ ಮೊದಲು ತೋರಿಸುವ ಊರಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಆರೈಕೆ ಮಾಡುವವರ ಪಟ್ಟಿ ಇರುತ್ತದೆ. ಹೆಸರು ಬರೆಸಿದರೆ ನಿಮ್ಮ ಕಡತದಲ್ಲೂ ಗುರುತು ಬೀಳುತ್ತದೆ. ಮುಖ್ಯವಾಗಿ ನೋಡಿಕೊಳ್ಳುವವರಿಗೆ ಫ್ಲೂ ಲಸಿಕೆ ಪುಕ್ಕಟೆ. 2014ರ ಕೇರ್ ಆ್ಯಕ್ಟ್ ಪ್ರಕಾರ ನಿಮಗೇನು ಬೇಕು ಅಂತ ಕೌನ್ಸಿಲಿನವರು ಬಂದು ನೋಡಬೇಕು. ವಾರಕ್ಕೆ 35 ಗಂಟೆ ಆರೈಕೆ ಮಾಡಿದರೆ ಭತ್ಯೆಯೂ ಇದೆ, ಷರತ್ತು ಬಹಳ. ಇದೆಲ್ಲ ಇದ್ದೂ, ಹೆಸರು ಬರೆಸಿದ ಮೇಲೆ ಒಂದು ಕರಪತ್ರ ಕೊಟ್ಟು ಕಳಿಸಿದರು ಅಂತ ಗೋಳಾಡುವವರನ್ನು ದಿನಾ ನೋಡುತ್ತೇನೆ. ಪಟ್ಟಿ ಬೇಕು. ಪಟ್ಟಿ ನೋಡಿ ಫೋನ್ ಮಾಡುವವರೂ ಬೇಕು.

ಸನಾತನ, ಸಿದ್ದಾಪುರ

ತಂದೆತಾಯಿ ಸೇವೆಗೆ ಪಟ್ಟಿ, ಭತ್ಯೆ, ಪ್ರಶ್ನಾವಳಿ! ನಮ್ಮ ಅಜ್ಜಿಯರು ಯಾವ ಕ್ಲಿನಿಕ್ಕಿಗೆ ಹೋಗಿ ಹೆಸರು ಬರೆಸಿದ್ದರು? ಇದೆಲ್ಲ ವಿದೇಶಿ ಬುದ್ಧಿ.

ಅಪ್ಪೆಮಿಡಿ, ಶಿರಸಿ

ನಿಮ್ಮ ಅಜ್ಜಿಯ ಮನೆಯಲ್ಲಿ ಎಷ್ಟು ಜನ ಹೆಂಗಸರಿದ್ದರು? ನಮ್ಮ ಮನೆಯಲ್ಲಿ ನಾನೊಬ್ಬಳು. ನೀವು ಈ ವಾರ ನಿಮ್ಮ ಮನೆಯವರ ಬೆಡ್‌ಪ್ಯಾನ್ ತೊಳೆದಿದ್ದರೆ ಮುಂದೆ ಮಾತಾಡೋಣ.

ಘಟ್ಟದ ಕೆಳಗಿನವ, ಕುಮಟಾ

ನಾನು ತೊಳೆಯುತ್ತೇನೆ, ಹಾಗಾಗಿ ಮಾತಾಡಬಹುದು ಅಂದುಕೊಂಡಿದ್ದೇನೆ. ಗಂಡಸು ಆರೈಕೆ ಮಾಡಿದರೆ ಊರವರು ಹೊಗಳುತ್ತಾರೆ, ಆಮೇಲೆ "ಮದುವೆ ಆಗಬಾರದಾ, ಯಾರಾದರೂ ಇರುತ್ತಿದ್ದರು" ಅನ್ನುತ್ತಾರೆ. ಯಾರಾದರೂ ಅಂದರೆ ಯಾರು ಅಂತ ನಿಮಗೆ ಗೊತ್ತೇ ಇದೆ.

ಇನ್ನೊಂದು ಹೇಳಬೇಕಿತ್ತು. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯ್ತಲ್ಲ, ಆಗ ಅಂಕೋಲಾ ಆಚೆ ಹೋಗಿ ಔಷಧಿ ತರುವವರಿಗೆ ಬಹಳ ಫಜೀತಿ ಆಯಿತು. ಮಳೆಗಾಲಕ್ಕೆ ಮುಂಚೆ ಖಾಯಂ ರೋಗಿಗಳಿಗೆ ಸ್ವಲ್ಪ ಹೆಚ್ಚಿನ ದಿನದ ಗುಳಿಗೆ ಕೊಡಿ ಅಂತ ಪಿಎಚ್‌ಸಿಯಲ್ಲಿ ಕೇಳಬಹುದಾ ಸಿಸ್ಟರ್?

ಸಬ್‌ಸೆಂಟರ್ ಸಿಸ್ಟರ್, ಅಂಕೋಲಾ

ಕೇಳಿ. ಸ್ಟಾಕ್ ಇದ್ದರೆ ಮತ್ತು ಬಿಪಿ-ಶುಗರ್ ಹತೋಟಿಯಲ್ಲಿದ್ದರೆ ವೈದ್ಯಾಧಿಕಾರಿಗಳು ಕೊಡಬಹುದು. ಮೇ ತಿಂಗಳಲ್ಲೇ ಕೇಳಿ. ಜುಲೈಯಲ್ಲಿ ಎಲ್ಲರೂ ಕೇಳುತ್ತಾರೆ.

ಗೋಕರ್ಣದ ದೊಡ್ಡಮ್ಮ

ಅಪ್ಪೆಮಿಡಿಯವರೇ, ನಿಮ್ಮ ಸೊಂಟದ ವಿಷಯಕ್ಕೆ ಬರುತ್ತೇನೆ. ಯಜಮಾನರನ್ನು ನಾನು ಹಾಸಿಗೆಯಲ್ಲೇ ನೋಡಿಕೊಂಡವಳು. ಮಗ್ಗುಲು ಬದಲಿಸುವುದು ಒಬ್ಬ ಫಿಸಿಯೋ ಹುಡುಗಿ ತೋರಿಸಿಕೊಟ್ಟಳು.

ಹಳೆಯ ಕಾಟನ್ ಸೀರೆ ತೆಗೆದುಕೊಳ್ಳಿ, ನೈಸ್ ಸೀರೆ ಜಾರುತ್ತದೆ. ನಾಲ್ಕು ಮಡಿಕೆ ಮಾಡಿ ಹೆಗಲಿನಿಂದ ತೊಡೆ ತನಕ ಬರುವ ಹಾಗೆ ಅವರ ಕೆಳಗೆ ಹಾಸಿ. ಯಾವ ಕಡೆ ತಿರುಗಿಸಬೇಕೋ ಆ ಕಡೆ ನೀವು ನಿಲ್ಲಿ. ಅವರ ಆಚೆ ಮೊಣಕಾಲು ಮಡಚಿ ನಿಲ್ಲಿಸಿ. ಆಚೆ ಬದಿಯ ಸೀರೆಯ ಅಂಚನ್ನು ಅವರ ಮೈಗೆ ಹತ್ತಿರ ಹಿಡಿದು, ನಿಮ್ಮ ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟು, ಮೈಭಾರ ಹಿಂದಿನ ಕಾಲಿಗೆ ಬಿಡುತ್ತಾ ಎಳೆಯಿರಿ. ಸೊಂಟ ಬಗ್ಗಿಸಿ ತೋಳಿನಿಂದ ಎತ್ತಬೇಡಿ. ಮಂಚ ತಗ್ಗಿದ್ದರೆ ಕಾಲಿನ ಕೆಳಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿ, ಅರ್ಧ ನೋವು ಅಲ್ಲೇ ಹೋಗುತ್ತದೆ. ಪೂರ್ತಿ ಮಗ್ಗುಲಾಗಿ ಮಲಗಿಸದೆ ಬೆನ್ನಿಗೆ ದಿಂಬು ಕೊಟ್ಟು ಸ್ವಲ್ಪ ಓರೆ ಮಾಡಿದರೆ ಸಾಕು. ಮಂಡಿ ನಡುವೆ ಒಂದು ದಿಂಬು. ಹಿಮ್ಮಡಿ ಹಾಸಿಗೆಗೆ ತಾಗಬಾರದು.

ಮುಖ್ಯ ಮಾತು, ಲಕ್ವ ಹೊಡೆದ ಕೈಯನ್ನು ಹಿಡಿದು ಎಳೆಯಲೇಬೇಡಿ. ಆ ಕೈಗೆ ಬಲವಿಲ್ಲದ್ದರಿಂದ ಭುಜದ ಕೀಲು ಸಡಿಲವಾಗಿರುತ್ತದೆ, ಜಾರಿದರೆ ಆಮೇಲೆ ಮುಟ್ಟಿದರೂ ನೋವು. ಉಣ್ಣಿಸುವಾಗ ನೆಟ್ಟಗೆ ಕೂರಿಸಿ, ಉಂಡಾದ ಮೇಲೆ ಅರ್ಧ ಗಂಟೆ ಹಾಗೇ ಬಿಡಿ. ನೀರು ಕುಡಿಯುವಾಗ ಪ್ರತಿ ಸಲ ಕೆಮ್ಮು ಬರುತ್ತಿದ್ದರೆ ಡಾಕ್ಟರಿಗೆ ಹೇಳಿ. ಗಂಜಿ ಇಳಿಯುತ್ತದೆ, ನೀರೇ ಕಷ್ಟ ಅನ್ನುವವರು ಇದ್ದಾರೆ.

ಅಪ್ಪೆಮಿಡಿ, ಶಿರಸಿ

ದೊಡ್ಡಮ್ಮ, ಇವತ್ತೇ ಮಾಡಿ ನೋಡಿದೆ. ಮಗಳು ವಿಡಿಯೋ ಮಾಡಿಕೊಂಡಳು, ಅವಳಪ್ಪನಿಗೆ ತೋರಿಸಲು. ಆಸ್ಪತ್ರೆಯಿಂದ ಕಳಿಸುವಾಗ ಯಾರಾದರೂ ಇದನ್ನು ಮಾಡಿ ತೋರಿಸಿದ್ದರೆ!

ಕ್ಯಾಸಲ್‌ರಾಕ್, ಜೋಯಿಡಾ

ಮನಸ್ಸಿನ ವಿಷಯಕ್ಕೆ: 14416 ಟೆಲಿ ಮಾನಸ್, 2022ರ ಅಕ್ಟೋಬರ್ 10ಕ್ಕೆ ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಇಂಟರ್‌ನೆಟ್ ಬೇಡ. ನಾನು ರಾತ್ರಿ ಎರಡಕ್ಕೆ ಮಾಡಿದ್ದೆ. ಬುದ್ಧಿ ಹೇಳಲಿಲ್ಲ, ಕೇಳಿಸಿಕೊಂಡರು. ವಯಸ್ಸಾದವರ ಬಗ್ಗೆ ಏನಾದರೂ ಕೇಳಬೇಕಾದರೆ 14567, ಅದು ಬೆಳಿಗ್ಗೆ 8ರಿಂದ ರಾತ್ರಿ 8. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ಮನೋವೈದ್ಯರು ಬರುತ್ತಾರೆ. ಹೋಗುವ ಮುಂಚೆ ಫೋನ್ ಮಾಡಿ ಕೇಳಿ.

ಮಾವಿನಕುರ್ವೆ, ಭಟ್ಕಳ

ಎಲ್ಲರೂ ಅಪ್ಪ, ಅಮ್ಮ, ಅತ್ತೆ ಅನ್ನುತ್ತಿದ್ದೀರಿ. ನನ್ನದು ಮಗ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಈಗ ಮೀಸೆ ಬಂದಿದೆ, ನನಗಿಂತ ಭಾರ. ನಿಮಗೆಲ್ಲ ಇದೊಂದು ದಿನ ಮುಗಿಯುತ್ತದೆ, ನನಗೆ ನನ್ನದು ಮುಗಿದ ಮೇಲೆ ಏನು ಅನ್ನುವುದೇ ಚಿಂತೆ.

ತಿಳಿದದ್ದು ಹೇಳುತ್ತೇನೆ, ಬೇರೆ ತಾಯಂದಿರಿಗೆ ಬೇಕಾಗಬಹುದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ನಿರಾಮಯ ಅಂತ ಆರೋಗ್ಯ ವಿಮೆ ಇದೆ, 1 ಲಕ್ಷ ರೂಪಾಯಿ ತನಕ. ಮಗುವಿಗೆ 18 ತುಂಬಿದ ಮೇಲೆ ತಾಯಿಗೂ ತನ್ನಷ್ಟಕ್ಕೆ ಸಹಿ ಹಾಕುವ ಹಕ್ಕು ಇರುವುದಿಲ್ಲ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ಕಾನೂನು ಪೋಷಕತ್ವ ತೆಗೆದುಕೊಳ್ಳಬೇಕು. ಇದನ್ನು ನನಗೆ ಹೇಳಿದ್ದು ಬ್ಯಾಂಕಿನವರು. ಖಾತೆಗೆ ತೊಂದರೆ ಬಂದ ಮೇಲೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 24ನೇ ಸೆಕ್ಷನ್ ಓದಿ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆ ಮಾಡುವವರ ಭತ್ಯೆ ಅಂತ ಸ್ಪಷ್ಟವಾಗಿ ಇದೆ. ಮೇಲೆ "ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ" ಅಂತಲೂ ಇದೆ. ಆ ಸಾಲು ಬರೆದವರಿಗೆ ನನ್ನ ನಮಸ್ಕಾರ.

ಕಾಳಿತೀರ, ಕಾರವಾರ

ಇದನ್ನು ಓದಿದ ಮೇಲೆ ಏನು ಬರೆಯುವುದೋ ಗೊತ್ತಾಗುತ್ತಿಲ್ಲ. ಆದರೂ ಒಂದು. ಕೇರಳ 2008ರಲ್ಲೇ ಉಪಶಮನ ಆರೈಕೆಗೆ ನೀತಿ ಮಾಡಿತು. ಪಂಚಾಯಿತಿ ಮೂಲಕ ನರ್ಸ್ ಮನೆಗೆ ಹೋಗುತ್ತಾರೆ, ಜೊತೆಗೆ ಊರಿನ ಸ್ವಯಂಸೇವಕರು. ಮಲಪ್ಪುರಂ, ಕೋಝಿಕ್ಕೋಡ್ ಕಡೆ ಅದು ಶುರುವಾದದ್ದೇ ಊರವರಿಂದ. ನಮ್ಮಲ್ಲಿ ಅಡಿಕೆಗೆ, ಹಾಲಿಗೆ, ಸಾಲಕ್ಕೆ ಊರಿಗೊಂದು ಸಹಕಾರಿ ಸಂಘ ಇದೆ. ಏರ್ ಬೆಡ್, ವೀಲ್‌ಚೇರ್, ಕಮೋಡ್ ಕುರ್ಚಿ ಬಾಡಿಗೆಗೆ ಕೊಡುವ ಸಂಘ ಮಾಡಲು ನಮಗೇನು ಕಷ್ಟ? ಎಷ್ಟೋ ಮನೆಗಳಲ್ಲಿ ರೋಗಿ ತೀರಿಕೊಂಡ ಮೇಲೆ ಇವು ಅಟ್ಟ ಸೇರಿವೆ.

ಅಪ್ಪೆಮಿಡಿ, ಶಿರಸಿ

ಇಲ್ಲಿ ಬಂದದ್ದನ್ನೆಲ್ಲ ಸೇರಿಸಿ ನಮ್ಮ ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿಗೆ ಒಂದು ಅರ್ಜಿ ಬರೆದಿದ್ದೇನೆ. ಉದ್ದ ಮಾಡಿಲ್ಲ, ಉದ್ದ ಇದ್ದರೆ ಓದುವುದಿಲ್ಲ. ಹಾಸಿಗೆ ಹಿಡಿದವರ ಕಡತದ ಮೊದಲ ಪುಟದಲ್ಲಿ ನೋಡಿಕೊಳ್ಳುವವರ ಹೆಸರು, ಫೋನ್ ನಂಬರು ಇರಲಿ. ಗುಳಿಗೆಗೆ ಬಂದಾಗ ಅವರ ಬಿಪಿ, ಶುಗರ್ ಕೂಡ ನೋಡಿ, ಮೂರು ಪ್ರಶ್ನೆ ಪ್ರತ್ಯೇಕವಾಗಿ ಕೇಳಿ. ತಿಂಗಳಿಗೊಂದು ಮಧ್ಯಾಹ್ನ ಮಗ್ಗುಲು ಬದಲಿಸುವುದು, ಉಣ್ಣಿಸುವುದು, ಹುಣ್ಣು ನೋಡುವುದು ಇವನ್ನು ಮಾಡಿ ತೋರಿಸಿ, ಅದರ ವಿಡಿಯೋ ಫೋನಿಗೆ ಹಾಕಿಕೊಡಿ. ಮನೆ ಭೇಟಿಗೆ ಆಶಾ ಅವರಿಗೆ ಬೇರೆ ಪ್ರೋತ್ಸಾಹಧನ ಕೊಡಿ, ಇಲ್ಲದಿದ್ದರೆ ಅವರ ಮೇಲೆ ಹೊರಿಸಬೇಡಿ. ಇನ್ನೇನಾದರೂ ಸೇರಿಸಬೇಕಾ?

ಆಶಾ ಅಕ್ಕ, ಹೊನ್ನಾವರ

ಕೊನೆಯದನ್ನು ಮೊದಲು ಹಾಕಿ.

ಸಬ್‌ಸೆಂಟರ್ ಸಿಸ್ಟರ್, ಅಂಕೋಲಾ

ಮೊದಲ ಎರಡಕ್ಕೆ ಯಾರ ಆದೇಶವೂ ಬೇಕಾಗಿಲ್ಲ, ನನ್ನ ಸೆಂಟರಿನಲ್ಲಿ ಸೋಮವಾರದಿಂದ ಶುರು ಮಾಡುತ್ತೇನೆ. ಮೂರನೆಯದಕ್ಕೆ ವೈದ್ಯಾಧಿಕಾರಿ ಒಪ್ಪಬೇಕು, ತಾಲೂಕಿನಿಂದ ಫಿಸಿಯೋ ಸಿಗಬೇಕು. ಪ್ರೋತ್ಸಾಹಧನ ಸಮಿತಿಯ ಕೈಯಲ್ಲಿಲ್ಲ. ಆ ಒಂದನ್ನು ಬೇರೆ ಕಾಗದದಲ್ಲಿ ಬರೆದು ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಿ, ಗ್ರಾಮಸಭೆಯಲ್ಲೂ ಠರಾವು ಮಾಡಿಸಿ. ಒಂದೇ ಅರ್ಜಿಯಲ್ಲಿ ಹಾಕಿದರೆ ಅದನ್ನೇ ನೆಪ ಮಾಡಿ ಉಳಿದದ್ದನ್ನೂ ಮೇಲೆ ಕಳಿಸುತ್ತಾರೆ.

ಗಣೇಶಗುಡಿ ನೆಟ್‌ವರ್ಕ್, ಜೋಯಿಡಾ

ನನ್ನದೊಂದು ಸಣ್ಣ ಪ್ರಶ್ನೆ ಉಳಿದಿದೆ. ಕರೆಂಟು ಹೋದಾಗ ಏರ್ ಬೆಡ್ ಇಳಿದು ಅಮ್ಮ ಹಲಗೆ ಮೇಲೆ ಮಲಗಿದ ಹಾಗೆ ಆಗುತ್ತದೆ. ಏನು ಮಾಡುತ್ತೀರಿ?

ಗೋಕರ್ಣದ ದೊಡ್ಡಮ್ಮ

ಕರೆಂಟು ಹೋದ ಕೂಡಲೇ ಪಂಪಿನ ಎರಡು ನಳಿಗೆಗಳನ್ನು ಮಡಚಿ ಬಟ್ಟೆ ಕ್ಲಿಪ್ ಹಾಕಿ, ಗಾಳಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಏರ್ ಬೆಡ್ ಕೆಳಗೆ ಹತ್ತಿ ಹಾಸಿಗೆ ಇರಲೇಬೇಕು, ಬರೀ ಹಲಗೆ ಬೇಡ. ಪಂಪಿಗೆ ಒಂದು ಸಣ್ಣ ಬಲ್ಬಿನಷ್ಟೇ ಕರೆಂಟು ಸಾಕು, ಮನೆಯಲ್ಲಿ ಇನ್ವರ್ಟರ್ ಇದ್ದರೆ ಟಿವಿಯದ್ದು ತೆಗೆದು ಅದನ್ನು ಹಾಕಿ. ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪಿಸಬೇಡಿ.